ಮುಚ್ಚಳ ಮುಚ್ಚೋರು ಯಾರು?

ದೋಣಿ ಸಾಮಾನಿನ ಅಂಗಡಿಯಲ್ಲಿ ಹಗ್ಗ ಕೊಳ್ಳಲು ನಿಂತಿದ್ದೆ. ನನ್ನ ಮುಂದೆ ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡ ಒಬ್ಬ ಅಪ್ಪ, ಅವರ ಪಕ್ಕ ಮಗಳು. ಅವರ ದೋಣಿಯ ಎಂಜಿನ್ ಮುಚ್ಚಳವನ್ನು ಎತ್ತಿಹಿಡಿಯುವ ಹಳೆಯ ಗ್ಯಾಸ್ ರಾಡ್‌ಗಳು ಸೋತುಹೋಗಿ, ಮುಚ್ಚಳ ಅವರ ಕೈಮೇಲೆ ಬಿದ್ದಿತ್ತಂತೆ.

"ಇರೋದ್ರಲ್ಲೇ ಬಿಗಿಯಾದ್ದು ಕೊಡಿ. ಇನ್ನೊಂದ್ಸಲ ಬೀಳಬಾರದು."

"ಅಪ್ಪಾ, ಅಷ್ಟು ಬಿಗಿ ಇದ್ರೆ ಮುಚ್ಚೋಕೇ ಆಗಲ್ಲ."

"ಮೇಲೆ ಕೂತ್ರೆ ತಾನಾಗೇ ಮುಚ್ಕೊಳ್ಳುತ್ತೆ. ನಾನು ಯಾವಾಗ್ಲೂ ಹಾಗೇ ಮುಚ್ಚೋದು."

"ನಿನ್ನ ತೂಕಕ್ಕೆ ಮುಚ್ಕೊಳ್ಳುತ್ತೆ. ನಾನು ಕೂತ್ರೆ ನನ್ನನ್ನೇ ಎತ್ತಿ ನೀರಿಗೆ ಬಿಸಾಕುತ್ತೆ."

"ನೀನ್ಯಾಕೆ ಕೂರ್ತೀಯ? ನಾನಿಲ್ವಾ?"

"ಈ ಕೈ ಇಟ್ಕೊಂಡಾ? ಏಟು ಬಿದ್ದಾಗಿಂದ ಎಂಜಿನ್ ನೋಡ್ಕೊಳ್ತಿರೋದು ಯಾರು?"

ಅಪ್ಪ ಗೋಡೆಯ ಮೇಲಿನ ಹುಟ್ಟುಗಳನ್ನು ನೋಡತೊಡಗಿದರು.

ಅಂಗಡಿಯವರು ಎರಡು ಜೊತೆ ರಾಡ್ ತಂದಿಟ್ಟರು, ಒಂದು ಬಿಗಿ, ಇನ್ನೊಂದು ಹಗುರ. "ನಿಮ್ಮ ಮುಚ್ಚಳಾನ ಎರಡೂ ಹೊರುತ್ತೆ. ಮುಚ್ಚೋರು ಯಾರು, ಅದನ್ನ ಹೇಳಿ."

ಅಪ್ಪ ಬಿಗಿ ರಾಡನ್ನು ಎಡಗೈಯಲ್ಲಿ ಎತ್ತಿಕೊಂಡರು, ತಿರುಗಿಸಿ ನೋಡಿದರು, ಕೆಳಗಿಟ್ಟರು.

"ಇವಳು."

ಮಗಳು ತಟ್ಟನೆ ತಿರುಗಿದಳು. "ನಿನ್ನ ಕೈ ವಾಸಿ ಆಗೋವರೆಗಾ?"

"ಕೈ ವಾಸಿ ಆದ್ಮೇಲೆ ಮತ್ತೆ ರಾಡ್ ಬದಲಾಯಿಸೋಕೆ ನನಗೇನು ತಲೆ ಕೆಟ್ಟಿದೆಯಾ? ಎತ್ಕೋ, ನಡಿ."

ಅವಳು ಹಗುರದ ಜೊತೆಯನ್ನು ಎದೆಗವಚಿಕೊಂಡಳು. ಬಾಗಿಲು ದಾಟುವಾಗ ಅಪ್ಪನ ದನಿ ಕೇಳಿಸಿತು:

"ಆಮೇಲೆ ನೋಡು, ಮುಚ್ಚಳದ ಮೇಲೆ ಮಾತ್ರ ಕೂರ್ಬೇಡ. ಕೆಟ್ಟ ಅಭ್ಯಾಸ ಅದು."