ಬಾಣಂತಿ ಬಾವಲಿ

ಒಬ್ಬ ಶ್ರೀಮಂತನಿದ್ದ. ಯಾವ ಊರು ಎಂದು ಕೇಳಬೇಡಿ, ನಿಮ್ಮೂರೇ ಇದ್ದೀತು. ಅವನ ಮನೆಯ ಮುಂದೆ ದೊಡ್ಡ ಗೋಣಿಮರ. ಪೊಟರೆಯಲ್ಲಿ ಗಿಳಿಗಳ ಸಂಸಾರ, ಮೇಲಿನ ಕೊಂಬೆಗಳಲ್ಲಿ ತಲೆಕೆಳಗಾಗಿ ಜೋತುಬಿದ್ದ ಬಾವಲಿಗಳು. ಗಿಳಿಗಳಿಗೆ ದಿನಾ ಒಂದು ಬೊಗಸೆ ಭತ್ತ. ಬಾವಲಿಗಳಿಗೆ ದಿನಾ ಬೈಗುಳ.

ಮನೆಯೊಳಗೂ ಹಾಗೇ ನೋಡಿ. ಹಿರಿಸೊಸೆ ಬೆಳ್ಳಗೆ, ಮಾತು ಅರಳು ಹುರಿದ ಹಾಗೆ. ಅವಳು ‘ನಮ್ಮ ಗಿಳಿ’. ಕಿರಿಸೊಸೆ ಕಪ್ಪು, ಮಾತೇ ಆಡಳು. ಅವಳು ‘ಬಾವಲಿ’. ಇಬ್ಬರೂ ಒಂದೇ ತಿಂಗಳಲ್ಲಿ ಹೆತ್ತರು. ಹಿರಿಯಳ ಮಗುವಿಗೆ ನಾಮಕರಣ ನಿಶ್ಚಯವಾಯಿತು. ಕಿರಿಯಳ ಹೆಣ್ಣುಕೂಸು ತಾಯಿಯಷ್ಟೇ ಕಪ್ಪು. “ಅದರದ್ದು ಮುಂದೆ ನೋಡೋಣ. ನೆಂಟರ ಮುಂದೆ ಅದನ್ನ ಎತ್ಕೊಂಡು ಬರಬೇಡ” ಎಂದುಬಿಟ್ಟ ಮಾವ. ಹೇಳಿ, ಆ ತಾಯಿಯ ಕರುಳು ಎಷ್ಟು ನೊಂದಿರಬೇಡ?

ನಾಮಕರಣದ ಶುಭದಿನ ಬಾವಲಿ ಕಣ್ಣಿಗೆ ಬೀಳಬಾರದೆಂದು ಬೆಳಿಗ್ಗೆಯೇ ಮರದ ಕೆಳಗೆ ಪಟಾಕಿ ಸರ ಹಚ್ಚಿಸಿದ. ಗಿಳಿಗಳು ಕಿರುಚುತ್ತ ಹಾರಿದವು, ಮರಿಗಳು ಪೊಟರೆಯಲ್ಲೇ ಉಳಿದವು. ಬಾವಲಿಗಳೂ ಎದ್ದವು. ಒಂದು ಮಾತ್ರ ಕೊಂಬೆಗೆ ಬಡಿದು ಅಂಗಳಕ್ಕೆ ಬಿತ್ತು. ಶ್ರೀಮಂತ ಉದ್ದನೆಯ ಕೋಲು ಹಿಡಿದು ಓಡಿದ. ಬಗ್ಗಿ ನೋಡಿದರೆ, ಅದರ ಎದೆಗೆ ಪಿಳಿಪಿಳಿ ಕಣ್ಣು ಬಿಡುವ ಮರಿಯೊಂದು ಕಚ್ಚಿಕೊಂಡಿದೆ! ತಾಯಿ ಅದರ ಮೇಲೆ ರೆಕ್ಕೆ ಮುಚ್ಚಿ ನಡುಗುತ್ತಿದೆ.

“ಹೊಡೀಬೇಡಿ ಮಾವಯ್ಯ!” ಬಾಗಿಲಲ್ಲಿ ಕಿರಿಸೊಸೆ, ಸೆರಗಿನೊಳಗೆ ಕೂಸು. “ಬಾಣಂತಿ ಅದು. ನೆಲದಿಂದ ಹಾರೋಕೆ ಅದಕ್ಕೆ ಕಷ್ಟ. ಕೋಲನ್ನ ಮರಕ್ಕೆ ಒರಗಿಸಿ, ಹತ್ಕೊಂಡು ಹೋಗುತ್ತೆ.”

ಸೊಸೆಯಾಗಿ ಬಂದ ಮೂರು ವರ್ಷದಲ್ಲಿ ಅವಳು ಮಾವನೆದುರು ಇಷ್ಟು ಮಾತಾಡಿದ್ದು ಅದೇ ಮೊದಲು. ಅವನು ಬಾವಲಿಯನ್ನು ನೋಡಿದ, ಸೊಸೆಯನ್ನು ನೋಡಿದ. ಇಬ್ಬರೂ ಒಂದೇ ರೀತಿ ಅವುಚಿಕೊಂಡಿದ್ದರು. ಅವನ ಕಣ್ಣು ತುಂಬಿತು. ಕೋಲನ್ನು ಮರಕ್ಕೆ ಆನಿಸಿ, ಆ ಜೀವ ತೆವಳುತ್ತ ಕೊಂಬೆ ಸೇರುವವರೆಗೂ ಅಲುಗದಂತೆ ಹಿಡಿದು ನಿಂತ. ಅಷ್ಟರಲ್ಲಿ ಗಿಳಿಗಳೂ ಮರಿಗಳಿಗಾಗಿ ಮರಳಿ ಬಂದವು.

ಆಮೇಲೆ ಒಳಕ್ಕೆ ಕೂಗಿದ: “ಇನ್ನೊಂದು ತೊಟ್ಟಿಲು ಕಟ್ರೋ! ಈ ಕೂಸಿಗೂ ಇವತ್ತೇ ನಾಮಕರಣ. ಏನಮ್ಮಾ, ಯಾವ ಹೆಸರಿಡಬೇಕು ಅಂತಿದ್ದೀಯ?”

ಅವಳು ಅಳುತ್ತಲೇ ಕೂಸನ್ನು ಮಾವನ ಕೈಗಿಟ್ಟಳು.

ಗಿಳಿಗೆ ಮಮತೆಯಿಲ್ಲ ಎಂದೆನೇ ನಾನು? ಇಲ್ಲಪ್ಪ, ಅದೂ ತಾಯಿಯೇ. ಮರಿ ಹೊತ್ತು ಹಾರುವ ಶಕ್ತಿ ಅದಕ್ಕಿಲ್ಲ, ಬಾವಲಿಗಿದೆ, ಅಷ್ಟೇ. ಇದು ಮೇಲು, ಅದು ಕೀಳು ಎಂದವನು ದೇವರಲ್ಲ, ನಾವು. ನಿಮ್ಮ ಮನೆಯಲ್ಲಿ ಯಾರನ್ನು ಕರಿ, ಪೆದ್ದಿ, ಮೂಗಿ ಎಂದು ಕರೆಯುತ್ತೀರಿ? ನಗಬೇಡಿ ತಾಯಿ, ನಿಮಗೇ ಹೇಳುತ್ತಿರುವುದು. ಇವತ್ತು ಮನೆಗೆ ಹೋದ ಕೂಡಲೇ ಆ ಜೀವವನ್ನು ಬಾಯ್ತುಂಬ ಹೆಸರು ಹಿಡಿದು ಕರೆಯಿರಿ, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದಾದ ಮೇಲೆ ಈ ಗುಡಿಗೆ ಬಂದು ಕೈಮುಗಿಯಿರಿ.