ಟ್ಯೂಷನ್ ಮನೆಗೇ ಮೊದಲು

ಸಕಲೇಶಪುರದ ನಿಲ್ದಾಣದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಹೆತ್ತೂರಿನ ಬೆಟ್ಟಮ್ಮ, ಅವರ ನೆರೆಮನೆಯ ಕೃಷ್ಣಪ್ಪ. ಅವರ ಮಾತು ಕಿವಿಗೆ ಬಿದ್ದು, ನನ್ನ ಬಸ್ಸು ತಡವಾಗಲಿ ಎಂದು ಮೊದಲ ಸಲ ಹಾರೈಸಿದೆ.

“ಮಕ್ಕಳ ಹೊಲಸು ವಿಡಿಯೋ ಇಟ್ಕಂಡಿದ್ದೋರು ಇಬ್ರಂತೆ ಬೆಟ್ಟಕ್ಕ. ಆ ಆಲೂರಿನೋನ ಫೋನಲ್ಲಿ ರಾಶಿ ಇತ್ತಂತೆ. ನಮ್ ಟ್ಯೂಷನ್ ಮೇಷ್ಟ್ರತ್ರ ಇದ್ದಿದ್ದು ಒಂದೆರಡು. ಪೊಲೀಸ್ನೋರು ಅವ್ನನ್ನ ಬುಟ್ಟು ಇಲ್ಗೆ ಯಾಕೆ ಮೊದ್ಲು ಬಂದ್ರು?”

“ನಾನೂ ಹಂಗೇ ಕೇಳ್ದೆ ಕಣೋ. ಎಸ್ಸೈ ಮೇಡಂ ಏನಂದ್ರು ಗೊತ್ತಾ? ‘ಅಜ್ಜಿ, ಅವನು ಒಂಟಿಯಾಗಿರೋನು, ಅವನತ್ರ ಮಕ್ಕಳು ಯಾರೂ ಬರಲ್ಲ. ನಾಳೆ ಹಿಡೀತೀವಿ. ಇವನ ಮನೆಗೆ ಇವತ್ತು ಸಂಜೆ ಮಕ್ಕಳು ಬರ್ತಾರೆ.’”

ಬೆಟ್ಟಮ್ಮನ ಬಾಯಲ್ಲಿ ಮೇಡಂ ದನಿ ಕೇಳಿ ನಾನೂ ನೆಟ್ಟಗೆ ಕುಳಿತೆ.

“ನಿಮ್ ಪೂಜಿತಾನೂ ಹೋಗೋಳಿದ್ಲಲ್ಲ?”

“ಅವತ್ತೇ ಸೇರ್ಸೋಳಿದ್ದೆ ಕಣೋ. ಜಡೆ ಹಾಕ್ತಾ ಕೂತಿದ್ದೆ, ಜೀಪ್ ಬಂತು.”

“ಹುಷಾರಿನ ಹುಡ್ಗಿ ಕಣಕ್ಕ ಆ ಎಸ್ಸೈ!”

“ಮೇಡಂ ಅನ್ನೋ! ನನ್ ಮೊಮ್ಮಗಳ್ನ ಉಳಿಸ್ದೋರು.”

“ಇನ್ನು ಲೆಕ್ಕ ಯಾರು ಹೇಳ್ಕೊಡ್ತಾರೆ?”

“ಬೇರೆ ಟೀಚರ್ ನೋಡಿದ್ದೀನಿ. ಪಾಠ ಮುಗಿಯೋಗಂಟ ನಾನೂ ಅಲ್ಲೇ ಕೂತಿರ್ತೀನಿ ಅಂತ ಮೊದ್ಲೇ ಹೇಳ್ಬುಟ್ಟಿದ್ದೀನಿ.”

ಹೆತ್ತೂರು ಬಸ್ಸು ಬಂತು.

“ಹಂಗಾರೆ ನಿಂಗೂ ಮಗ್ಗಿ ಬರ್ತದೆ ಬುಡಕ್ಕ” ಎನ್ನುತ್ತ ಕೃಷ್ಣಪ್ಪ ಎದ್ದ.

“ಬರ್ಲಿ ಬುಡು” ಎಂದು ಬೆಟ್ಟಮ್ಮ ಅವನಿಗಿಂತ ಮೊದಲೇ ಬಸ್ಸು ಹತ್ತಿದರು.