ಬ್ರೆಜಿಲ್ ಗ್ರಿಲ್‌ನಲ್ಲಿ ಇಬ್ಬರ ಊಟ

ಹೆಸರು ಪ್ರೇಮಕುಮಾರಿ, ಕೋಂ ಲೇಟ್ ಮಂಜೇಶ್, 44 ವರ್ಷ, ಸರ್ಕಾರಿ ಬಸ್ಸಿನಲ್ಲಿ ನಿರ್ವಾಹಕಿ ಕೆಲಸ, ವಾಸ ಕೋಟೆ ಬೀದಿ, ಹೊಳೆನರಸೀಪುರ ಟೌನ್. ಈ ದಿನ ದಿನಾಂಕ 21-09-2025 ಭಾನುವಾರ ಮಧ್ಯಾಹ್ನ 3-30 ಗಂಟೆಗೆ ಹಾಸನದ ಠಾಣೆಯಲ್ಲಿ ಹಾಜರಿದ್ದು, ಕೇಳಿದ್ದಕ್ಕೆ ನನ್ನ ಬಾಯಿಂದಲೇ ಹೇಳಿ ಬರೆಸುತ್ತಿರುವುದೇನೆಂದರೆ,

ನಾನು ನನ್ನ ಗಂಡನನ್ನು ಹೋಟೆಲಿನ ಕೋಣೆಯೊಳಗೆ ಕೂಡಿಹಾಕಿ, ಹೊಗೆ ಹಾಕಿ, ಬಾಗಿಲಿಗೆ ಅಡ್ಡ ನಿಂತಿದ್ದೆನೆಂದು ಯಾರೋ 112ಕ್ಕೆ ಫೋನ್ ಮಾಡಿ ತಿಳಿಸಿರುತ್ತಾರೆ. ಬಾಗಿಲಿಗೆ ಅಡ್ಡ ನಿಂತದ್ದು ನಿಜ. ಹೊಗೆ ಹಾಕಿದ್ದೂ ನಿಜ. ಗಂಡನನ್ನು ಕೂಡಿಹಾಕಿದ್ದು ಮಾತ್ರ ಸುಳ್ಳು. ನನ್ನ ಗಂಡ ಮಂಜೇಶ್ ಕಳೆದ ವರ್ಷ ಜುಲೈ ತಿಂಗಳಲ್ಲಿ ಹೃದಯದ ಕಾಯಿಲೆಯಿಂದ ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಿರುತ್ತಾರೆ. ಹಾಗಾದರೆ ಕೋಣೆಯಲ್ಲಿ ಇದ್ದವರು ಯಾರು ಎಂದು ಹೆಡ್ ಕಾನ್‌ಸ್ಟೇಬಲ್ ಚಂದ್ರಶೇಖರಯ್ಯನವರು ಕೇಳಿದ್ದರಿಂದ, ಮೊದಲಿನಿಂದ ಹೇಳುತ್ತೇನೆ.

ನನ್ನ ಗಂಡ ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ನಮಗೆ ಮಕ್ಕಳಿಲ್ಲ. ನನ್ನ ವಾರದ ರಜೆ ಬಂದ ದಿನ ಅವರೂ ಬಾಡಿಗೆ ಒಪ್ಪಿಕೊಳ್ಳದೆ, ಇಬ್ಬರೂ ಬೈಕಿನಲ್ಲಿ ಹೊರಗೆ ಊಟಕ್ಕೆ ಹೋಗುತ್ತಿದ್ದೆವು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಯಾವ ಹೋಟೆಲು ಹೊಸದಾಗಿ ತೆರೆದರೂ ಆ ವಾರವೇ ನಾವು ಅಲ್ಲಿರುತ್ತಿದ್ದೆವು. ಬೇರೆಯವರು ದೇವಸ್ಥಾನ ಸುತ್ತುತ್ತಾರೆ, ನಾವು ಹೋಟೆಲು ಸುತ್ತಿದೆವು. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಅವರು ಯಾವಾಗಲೂ ಅಡುಗೆಮನೆಯ ಬಾಗಿಲು ಕಾಣುವ ಕಡೆಗೆ ಕೂರುತ್ತಿದ್ದರು. ಊಟ ಮುಗಿಸಿ ಕೈ ತೊಳೆಯುವವರೆಗೆ ಹೇಗಿದೆ ಎಂದು ಹೇಳುತ್ತಿರಲಿಲ್ಲ. ಅರಕಲಗೂಡಿನ ಒಂದು ಬಿರಿಯಾನಿ ಹೋಟೆಲಿಗೆ “ಅಕ್ಕಿ ಬೆಂದದೆ, ಅಷ್ಟೇಯ” ಎಂದಿದ್ದರು. ಬೈಪಾಸಿನ ಒಂದು ಡಾಬಾಕ್ಕೆ “ಪರ್ವಾಗಿಲ್ಲ ಕಣಮ್ಮಿ” ಎಂದಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲಿಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಿಕೊಂಡು ಹೋದಾಗಲೂ ಮನೆಯವರ ಹತ್ತಿರ ಅದನ್ನೇ ಹೇಳಿದ್ದರಂತೆ.

ಅವರಿಗೆ ಮೊಬೈಲಿನಲ್ಲಿ ಬ್ರೆಜಿಲ್ ದೇಶದ ಸಾವೊ ಪಾಲೊ ಪಟ್ಟಣದ ಹೋಟೆಲುಗಳ ವಿಡಿಯೋ ನೋಡುವ ಚಟವಿತ್ತು. ಅಲ್ಲಿ ಮೊಳದುದ್ದದ ಕಂಬಿಗೆ ಮಾಂಸ ಚುಚ್ಚಿ ಸುಟ್ಟು, ಕಂಬಿಯನ್ನು ಮೇಜಿನ ಹತ್ತಿರಕ್ಕೇ ತಂದು ಕೊಯ್ದು ಬಡಿಸುತ್ತಾರೆ. ನಾವು ಸಾಕು ಎನ್ನುವವರೆಗೆ ತರುತ್ತಲೇ ಇರುತ್ತಾರೆ. ನಮ್ಮವರು ರಾಗಿಮುದ್ದೆ ಮುರಿಯುತ್ತಾ ಅದನ್ನು ನೋಡಿ, ಅಲ್ಲಿಗೆ ಹೋಗುವುದಂತೂ ಆಗದ ಮಾತು, ಇಲ್ಲಿಗೇ ಯಾವನಾದರೂ ಪುಣ್ಯಾತ್ಮ ತಂದರೆ ನೋಡೋಣ ಎನ್ನುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಹಾಸನದ ರಿಂಗ್ ರಸ್ತೆಯಲ್ಲಿ ‘ಬ್ರೆಜಿಲ್ ಗ್ರಿಲ್, ಶೀಘ್ರದಲ್ಲೇ’ ಎಂಬ ದೊಡ್ಡ ಬೋರ್ಡು ಬಿತ್ತು. ಅದರ ಮಾಲೀಕ ರಜನೀಶ್ ಅರಕಲಗೂಡಿನವರು, ಸಾವೊ ಪಾಲೊದಲ್ಲಿ ಹನ್ನೊಂದು ವರ್ಷ ಅಡುಗೆ ಕೆಲಸ ಮಾಡಿ ವಾಪಸು ಬಂದವರು ಎಂಬುದನ್ನೂ ನಮ್ಮವರು ಎಲ್ಲಿಂದಲೋ ವಿಚಾರಿಸಿಕೊಂಡು ಬಂದರು. ಜೂನ್ ಕೊನೆಗೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಉಪ್ಪಿಲ್ಲದ ಗಂಜಿ ಕುಡಿಯುತ್ತಾ ಮಲಗಿದ್ದರು. ನನ್ನ ಬಸ್ಸು ದಿನವೂ ಆ ಬೋರ್ಡಿನ ಮುಂದೆಯೇ ಬರುತ್ತದೆ. ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಹೋದ ಕೂಡಲೇ “ಓಪನ್ ಆಯ್ತೇನಮ್ಮಿ?” ಎಂದು ಕೇಳುತ್ತಿದ್ದರು. “ಇನ್ನೂ ಪ್ಲೈವುಡ್ಡು ಒಡೀತಾವ್ರೆ ಕಣ್ರೀ” ಎನ್ನುತ್ತಿದ್ದೆ. ಮರುದಿನ ಗಾಜು ಬಂದಿದೆ ಎಂದೆ. ಅದರ ಮರುದಿನ ಬಣ್ಣ ಬಳಿಯುತ್ತಿದ್ದಾರೆ ಎಂದೆ. ಬಣ್ಣ ಯಾವುದು ಎಂದು ಕೇಳಿದರು. ಹಸಿರು ಎಂದೆ. ಅದೇ ಅವರಿಗೆ ನಾನು ಕೊಟ್ಟ ಕೊನೆಯ ಸುದ್ದಿ.

ಹೋಟೆಲು ಶ್ರಾವಣದಲ್ಲಿ ತೆರೆಯಿತು. ಬಾಳೆಕಂದು ಕಟ್ಟಿದ್ದರು, ವಾಲಗ ಊದಿಸುತ್ತಿದ್ದರು. ನಾನು ಬಸ್ಸಿನ ಬಾಗಿಲಲ್ಲಿ ನಿಂತು ನೋಡಿದೆ. ಹೋಗಿ ಹೇಳೋಣವೆಂದರೆ ಕೇಳುವವರೇ ಇರಲಿಲ್ಲ. ಆ ದಿನ ನಾನು ಇಬ್ಬರಿಗೆ ಟಿಕೆಟ್ ಕೊಡುವುದನ್ನು ಮರೆತು, ತಪಾಸಣೆಯಲ್ಲಿ ಸಿಕ್ಕಿಬಿದ್ದು ಮೆಮೋ ತೆಗೆದುಕೊಂಡೆ.

ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಬದುಕಿರುವವರು ನೋಡುತ್ತಿದ್ದರೆ ಹಿರಿಯರು ಬಂದು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಆಮೇಲೆ ಬಾಗಿಲು ತೆಗೆಯಬೇಕು. ಕೆಮ್ಮುವುದು ಉಣ್ಣುತ್ತಿರುವವರಿಗೆ ನಾವು ಬಂದೆವೆಂದು ತಿಳಿಸುವುದಕ್ಕೆ. ನಡುವೆ ಬಾಗಿಲು ತೆಗೆದರೆ ಅವರು ಅರ್ಧ ಊಟದಲ್ಲಿ ಎದ್ದು ಹೋಗುತ್ತಾರೆ. ಎಡೆ ಮುಗಿಯುವವರೆಗೆ ಇಟ್ಟವರೂ ಏನೂ ತಿನ್ನುವಂತಿಲ್ಲ.

ನುಗ್ಗೇಹಳ್ಳಿಯಲ್ಲಿರುವ ನನ್ನ ಭಾವ ಶಶಿಕುಮಾರ್ ಅವರ ಮನೆಯಲ್ಲಿ ಬುಧವಾರವೇ ಮನೆತನದ ಎಡೆ ಆಯಿತು. ಸತ್ತು ವರ್ಷ ತುಂಬುವವರೆಗೆ ಹಿರಿಯರ ಜೊತೆ ಎಡೆ ಇಡುವಂತಿಲ್ಲವಾದ್ದರಿಂದ ನಮ್ಮವರಿಗೆ ಇದು ಮೊದಲನೇ ಎಡೆ. ಮಟನ್ ಸಾರು, ಮುದ್ದೆ, ಕಜ್ಜಾಯ ಎಲ್ಲ ಇಟ್ಟಿದ್ದರು. ಬ್ರೆಜಿಲ್ ಗ್ರಿಲ್ಲಿನ ಊಟ ತಂದು ಇಡಬೇಕಿತ್ತು ಎಂದು ನಾನು ಹೇಳಿದೆ. “ಅವ್ನು ತಿಂತಿದ್ದುದ್ನ ಇಡ್ಬೇಕು ಕಣವ್ವ, ತಿನ್ನದೇ ಇರಾದ್ನ ಯಾರಾದ್ರೂ ಇಟ್ಟಾರಾ?” ಎಂದು ಭಾವ ಹೇಳಿದರು. ತಿಂದಿದ್ದಕ್ಕೆ ಆಸೆ ಯಾಕೆ ಉಳಿಯುತ್ತದೆ, ತಿನ್ನದೇ ಇದ್ದುದಕ್ಕೆ ತಾನೇ ಉಳಿಯುವುದು ಎಂದು ನಾನು ಹೇಳಿದೆ. ಅವರು ಎಲೆ ತೊಳೆಯುವುದಕ್ಕೆ ಹೋದರು.

ನಾನು ಹೋಟೆಲಿಗೆ ಫೋನ್ ಮಾಡಿ ಪಾರ್ಸಲ್ ಕೇಳಿದೆ. ಎಷ್ಟು ಬೇಕಾದರೂ ತಿನ್ನಬಹುದಾದ ಊಟಕ್ಕೆ ಪಾರ್ಸಲ್ ಇಲ್ಲ, ಬಂದು ಕೂತೇ ತಿನ್ನಬೇಕು ಎಂದು ಮ್ಯಾನೇಜರ್ ಶಶಿಕಿರಣ್ ತಿಳಿಸಿದರು. ಊಟ ಬರುವುದಿಲ್ಲವೆಂದರೆ ಉಣ್ಣುವವರನ್ನೇ ಅಲ್ಲಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಇವತ್ತು ಅಮಾವಾಸ್ಯೆ, ಪಕ್ಷದ ಕೊನೆಯ ದಿನ. ಇವತ್ತು ಬಿಟ್ಟರೆ ಇನ್ನು ಮುಂದಿನ ವರ್ಷವೇ.

ಈ ದಿನ ಮಧ್ಯಾಹ್ನ 12-30ಕ್ಕೆ ಹೋಟೆಲಿಗೆ ಹೋದೆ. ಎಷ್ಟು ಜನ ಎಂದು ಕೇಳಿದ್ದಕ್ಕೆ ಇಬ್ಬರು ಎಂದೆ. ಬಾಗಿಲಿರುವ ಜಾಗ ಬೇಕೆಂದು ಕೇಳಿದ್ದರಿಂದ ಒಳಗಿನ ಫ್ಯಾಮಿಲಿ ರೂಮು ಕೊಟ್ಟರು. ವೇಟರ್ ಗೌತಮ್ ಸಾರ್ ಎಲ್ಲಿ ಎಂದು ಕೇಳಿದಾಗ, ಬರುತ್ತಾರೆ ಎಂದು ಹೇಳಿದೆ. ನಾನು ಹೇಳಿದ್ದು ಸುಳ್ಳಲ್ಲ. ಅಡುಗೆಮನೆಯ ಬಾಗಿಲು ಕಾಣುವ ಕಡೆಗೆ ಮನೆಯಿಂದ ತಂದಿದ್ದ ಬಾಳೆಎಲೆ ಹಾಸಿದೆ. ಮೇಜಿನ ಮೇಲೆ ಒಂದು ಸಣ್ಣ ಹಸಿರು ಬಾವುಟ ಇತ್ತು. ಬಾವುಟ ನಿಂತಿದ್ದರೆ ಬಡಿಸುತ್ತಲೇ ಇರುತ್ತೇವೆ, ಹೊಟ್ಟೆ ತುಂಬಿದಾಗ ಮಲಗಿಸಿ, ಆಗ ಬಡಿಸುವುದನ್ನು ನಿಲ್ಲಿಸುತ್ತೇವೆ ಎಂದು ಗೌತಮ್ ವಿವರಿಸಿದರು. ಸಾವೊ ಪಾಲೊದಲ್ಲಿಯೂ ಹೀಗೇ ಏನೋ ಗುರುತು ಇಡುತ್ತಾರಂತೆ. ನಮ್ಮವರು ಕೇಳಿದ್ದರೆ ಎಷ್ಟು ಖುಷಿ ಪಡುತ್ತಿದ್ದರೋ ಎನಿಸಿ ನನಗೆ ಅಲ್ಲೇ ಅಳು ಬಂತು. ಖಾರ ಎಂದು ಹೇಳಿ ಕಣ್ಣೊರೆಸಿಕೊಂಡೆ. ಆಗ ಇನ್ನೂ ಏನೂ ಬಡಿಸಿರಲಿಲ್ಲ.

ಮಾಂಸ, ಕೋಳಿ, ಮೀನು ಒಂದೊಂದಾಗಿ ಕಂಬಿಯಲ್ಲಿ ಬಂತು. ಎಲ್ಲವನ್ನೂ ಎದುರಿನ ಎಲೆಗೇ ಹಾಕಿಸಿದೆ. ಮೇಡಂ ನಿಮಗೆ ಎಂದು ಗೌತಮ್ ಕೇಳಿದಾಗ, ಅವರದಾಗಲಿ ಎಂದೆ. ಗೌತಮ್ ಹೊರಗೆ ಹೋದ ಮೇಲೆ ಚೀಲದಿಂದ ನಮ್ಮವರ ಫೋಟೋ ತೆಗೆದು ಕುರ್ಚಿಗೆ ಒರಗಿಸಿ, ಹೂ ಮುಡಿಸಿದೆ. ಮೇಜಿನ ನಡುವೆ ಒಲೆ ಕೂರಿಸಿ ಕೆಂಡ ತುಂಬಿದ್ದರು. ಅದನ್ನು ನೋಡಿ, ಎಡೆ ಇಡುವುದಕ್ಕೆಂದೇ ಮಾಡಿಸಿದ ಹಾಗಿದೆಯಲ್ಲ ಎಂದುಕೊಂಡು, ತಂದಿದ್ದ ಸಾಂಬ್ರಾಣಿಯನ್ನೆಲ್ಲ ಕೆಂಡದ ಮೇಲೆ ಹಾಕಿದೆ. ಮೇಲೆ ಹೊಗೆ ಎಳೆಯುವ ಫ್ಯಾನು ತಿರುಗುತ್ತಿತ್ತು. ಧೂಪವನ್ನೆಲ್ಲ ಅದೇ ಎಳೆದುಕೊಂಡರೆ ಎಡೆಗೆ ಏನು ಬಂತು ಎಂದು ಅದನ್ನು ಆರಿಸಿದೆ. ನನ್ನಿಂದ ತಪ್ಪಾಗಿದ್ದರೆ ಇದೊಂದೇ. ಕೈ ಮುಗಿದು, ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಚಿಲಕ ಹಿಡಿದು ನಿಂತೆ.

ಎರಡು ಮೂರು ನಿಮಿಷಕ್ಕೆ ಗೌತಮ್ ಸುಟ್ಟ ಅನಾನಸ್ಸಿನ ಕಂಬಿ ಹಿಡಿದುಕೊಂಡು ಬಂದರು. ಈಗ ಒಳಗೆ ಹೋಗುವಂತಿಲ್ಲ ಎಂದೆ. ಬಾವುಟ ನಿಂತಿದೆ ಮೇಡಂ, ಬಡಿಸದಿದ್ದರೆ ನಮಗೆ ಬೈಯುತ್ತಾರೆ ಎಂದರು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಹೊಗೆ ಬಂತು, ಒಳಗೆ ಹೊಗೆಗೆ ಕೂಗುವ ಯಂತ್ರ ಕೂಗಿಕೊಂಡಿತು. ಊಟ ಮಾಡುತ್ತಿದ್ದವರು ತಟ್ಟೆ ಬಿಟ್ಟು ಎದ್ದರು. ಒಳಗೆ ಯಾರಿದ್ದಾರೆ ಎಂದು ಮ್ಯಾನೇಜರ್ ಶಶಿಕಿರಣ್ ಕೂಗಿ ಕೇಳಿದರು. ನಾನು “ನಮ್ಮೆಜಮಾನ್ರು ಊಟ ಮಾಡ್ತಾವ್ರೆ, ಬಾಗ್ಲು ತೆಗೀಬ್ಯಾಡಿ” ಎಂದು ಹೇಳಿದೆ. ಒಬ್ಬ ಮನುಷ್ಯ ಒಳಗೆ ಸಿಕ್ಕಿಕೊಂಡಿದ್ದಾನೆಂದು ಎಲ್ಲರೂ ಕೂಗಾಡಿದ್ದು ಆಗಲೇ.

ಶಶಿಕಿರಣ್ ನನ್ನನ್ನು ಪಕ್ಕಕ್ಕೆ ಸರಿಸಲು ಬಂದರು. ತುಂಬಿದ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ನಿಂತು ಕೆಲಸ ಮಾಡಿದವಳು ನಾನು, ಅಷ್ಟು ಸುಲಭಕ್ಕೆ ಜರುಗುವವಳಲ್ಲ. ನಾನು ತಳ್ಳಿದ್ದಕ್ಕೆ ಅವರು ಐಸ್ ಕ್ರೀಮ್ ಕೌಂಟರಿನ ಮೇಲೆ ಬಿದ್ದು ಮೊಣಕೈ ತರಚಿರುತ್ತದೆ. ಅದಕ್ಕೆ ಅವರಲ್ಲಿ ಕ್ಷಮೆ ಕೇಳಿದ್ದೇನೆ, ಇಲ್ಲಿಯೂ ಕೇಳುತ್ತೇನೆ. ಐದೇ ನಿಮಿಷ ಕೊಡಿ ಎಂದು ಎಲ್ಲರಿಗೂ ಕೈ ಮುಗಿದೆ. ಕೊಡಲಿಲ್ಲ. ನಾಲ್ಕು ಜನ ಸೇರಿ ಬಾಗಿಲು ಒದ್ದು ತೆಗೆದರು. ಯಾರೂ ಕೆಮ್ಮಲಿಲ್ಲ.

ಒಂದು ಬಕೆಟ್ ನೀರು ತಂದು ಒಲೆಯ ಮೇಲೆ ಸುರಿದರು. ಎಲೆಯೂ ಅದರ ಮೇಲಿದ್ದುದೂ ನೀರುಪಾಲಾಯಿತು. ಗೌತಮ್ ಮೇಜಿನ ಕೆಳಗೆ ಬಗ್ಗಿ ಸಾರ್, ಸಾರ್ ಎಂದು ನಮ್ಮವರನ್ನು ಹುಡುಕಿದರು. ಅವರು ತೀರಿಕೊಂಡ ಮೇಲೆ ಯಾರಾದರೂ ಅವರನ್ನು ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಕುರ್ಚಿಯ ಮೇಲಿದ್ದ ಫೋಟೋ ನೋಡಿ, ಅದರ ಮೇಲೆ ಸಿಡಿದಿದ್ದ ನೀರನ್ನು ಗೌತಮ್ ತಮ್ಮ ತೋಳಿನಿಂದ ಒರೆಸಿದರು. ಸ್ವಲ್ಪ ಹೊತ್ತಿಗೆ ಪೊಲೀಸಿನವರು ಬಂದು ನನ್ನನ್ನೂ, ಮಾಲೀಕರಾದ ರಜನೀಶ್ ಅವರನ್ನೂ ಠಾಣೆಗೆ ಕರೆತಂದರು. ಅವರು ಈಗ ಇದೇ ಕೋಣೆಯ ಬೆಂಚಿನ ಮೇಲೆ ಕೂತಿದ್ದಾರೆ.

ಇನ್ನೇನಾದರೂ ಹೇಳುವುದಿದೆಯೇ ಎಂದು ಚಂದ್ರಶೇಖರಯ್ಯನವರು ಕೇಳಿದ್ದಕ್ಕೆ ಹೇಳುವುದೇನೆಂದರೆ, ಬಾಗಿಲು ಒದ್ದಾಗ, ನೀರು ಸುರಿದಾಗ, ಮೇಜಿನ ಮೇಲಿದ್ದುದೆಲ್ಲ ಬಿದ್ದರೂ ಆ ಹಸಿರು ಬಾವುಟ ಬೀಳಲಿಲ್ಲ. ನಿಂತೇ ಇತ್ತು. ಹೊಟ್ಟೆ ತುಂಬಿದವರು ಅದನ್ನು ಮಲಗಿಸಬೇಕೆಂಬುದು ಹೋಟೆಲಿನವರದೇ ನಿಯಮ. ನನ್ನ ಗಂಡ ಅರ್ಧ ಊಟದಲ್ಲಿ ಎದ್ದಿದ್ದಾರೆ. ಅವರು ಕೈ ತೊಳೆದು ಬಂದು ಏನೆನ್ನುತ್ತಿದ್ದರು ಎಂಬುದು ನನಗೆ ಇನ್ನು ಯಾವತ್ತೂ ಕೇಳಿಸುವುದಿಲ್ಲವೆಂದು ಗೊತ್ತಿದೆ. ಕೇಳಿಸದಿದ್ದರೂ ಪರವಾಗಿಲ್ಲ, ಅವರು ಪೂರ್ತಿ ಉಣ್ಣಬೇಕು.

ನಾನು ಇಷ್ಟು ಹೇಳುವಾಗ ರಜನೀಶ್ ಅವರು ಬೆಂಚಿನಿಂದ ಎದ್ದು ಬಂದು, ಬಾಗಿಲು ಎಷ್ಟು ಹೊತ್ತು ಮುಚ್ಚಬೇಕು ಎಂದು ನನ್ನನ್ನು ಕೇಳಿದರು. “ನಮ್ಮಪ್ಪ ಇದ್ದಾಗ ಅವರೇ ಎಡೆ ಇಡೋರು ಕಣಕ್ಕ. ಅವರು ತೀರ್ಕಂಡಾಗ ನಾನು ಆ ದೇಶದಾಗಿದ್ದೆ. ಎಷ್ಟೊತ್ತು ಮುಚ್ಚೋರು ಅನ್ನದೇ ಮರ್ತೋಗದೆ” ಎಂದರು. ಉಣ್ಣುವವರಿಗೆ ಅವಸರ ಮಾಡಬಾರದು, ಒಂದು ಊಟದ ಹೊತ್ತು ಬಿಡಬೇಕು ಎಂದು ಹೇಳಿದೆ. ಅವರು ಕಿಟಕಿಯ ಹತ್ತಿರ ಹೋಗಿ ಹೋಟೆಲಿಗೆ ಫೋನ್ ಮಾಡಿದರು. “ಆ ರೂಮಿಗೆ ಬ್ಯಾರೆ ಕೆಂಡ ಆಕಿ. ಮೇಜು ಒರೆಸ್ರಿ, ಬಾವುಟ ಮಾತ್ರ ಮುಟ್ಬ್ಯಾಡಿ” ಎಂದು ಹೇಳಿದ್ದನ್ನು ನಾನೂ ಚಂದ್ರಶೇಖರಯ್ಯನವರೂ ಕೇಳಿಸಿಕೊಂಡಿರುತ್ತೇವೆ. ಬಾಗಿಲ ಚಿಲಕ ಮುರಿದಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, ಹೊರಗೆ ತಾವೇ ಹಿಡಿದುಕೊಂಡು ನಿಲ್ಲುವುದಾಗಿ ತಿಳಿಸಿದರು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿರುತ್ತಾರೆ. ನಾನು ಹೇಳಿದ ಹಾಗೆಯೇ ಇದೆ, ಇದರಲ್ಲಿ ಕೂಡಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಚಂದ್ರಶೇಖರಯ್ಯನವರು ತರಿಸಿಕೊಟ್ಟ ಟೀ ಕುಡಿಯದೆ ಇದ್ದುದಕ್ಕೆ ಬೇಸರ ಮಾಡಿಕೊಳ್ಳಬಾರದು. ಹೊತ್ತು ಮುಳುಗುವುದರೊಳಗೆ ನನ್ನನ್ನು ಕಳುಹಿಸಿಕೊಡಬೇಕಾಗಿ ಕೋರುತ್ತೇನೆ. ನಮ್ಮವರು ಕಾಯುತ್ತಿರುತ್ತಾರೆ.

ಸ್ಥಳ: ಹಾಸನ
ದಿನಾಂಕ: 21-09-2025, ಸಂಜೆ 4-50
ಸಹಿ: ಪ್ರೇಮಕುಮಾರಿ